ಐದನೆಯ ಸ್ಪ್ರಿಂಗು

ಮನುಷ್ಯನು ಹಣ ಕೊಟ್ಟು ಕೊಳ್ಳುವ ವಸ್ತುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು: ಕಣ್ಣಿಗೆ ಕಾಣುವುವು, ಬೆನ್ನಿಗೆ ತಿಳಿಯುವುವು. ಸೀರೆ, ಒಡವೆ, ಗೋಡೆಯ ಬಣ್ಣ ಇವು ಮೊದಲನೆಯ ವರ್ಗಕ್ಕೆ ಸೇರಿದುವು. ಹಾಸಿಗೆ, ಕುರ್ಚಿ ಎರಡನೆಯ ವರ್ಗದವು. ಮೊದಲನೆಯದರ ಆಯ್ಕೆಯಲ್ಲಿ ಎಡವಿದರೆ ನೆರೆಮನೆಯವರು ಹೇಳುತ್ತಾರೆ. ಎರಡನೆಯದರಲ್ಲಿ ಎಡವಿದರೆ ನಡುರಾತ್ರಿಯಲ್ಲಿ ಸೊಂಟವೇ ಹೇಳುತ್ತದೆ. ಮೋಟಾರು ಕಾರೆಂಬುದು ಈ ಎರಡು ವರ್ಗಗಳಿಗೂ ಸೇರಿದ ವಿಚಿತ್ರ ವಸ್ತು. ಅದರಲ್ಲಿಯೂ ಇಬ್ಬರಿಗೆ ಮಾತ್ರ ಜಾಗವಿರುವ, ಮಾಡನ್ನು ಮಡಿಸಿ ಬೆನ್ನ ಹಿಂದೆ ಇಡಬಹುದಾದ, ವಿನೋದಕ್ಕಾಗಿಯೇ ಹುಟ್ಟಿದ ಸ್ಪೋರ್ಟ್ಸ್ ಕನ್ವರ್ಟಿಬಲ್ ಕಾರನ್ನು ಕೊಳ್ಳಹೊರಟವನಿಗೆ ಕಣ್ಣೂ ಬೆನ್ನೂ ಒಂದೇ ಮಾತು ಹೇಳುವುದು ಅಪರೂಪ.

ಅಮೆರಿಕದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟು ಕಾಲೇಜು ಸೇರಿದ್ದಾರೆ. ಇಪ್ಪತ್ತು ವರ್ಷ ಕಾಲ ಸಂಸಾರದ ಸಾಮಾನನ್ನೆಲ್ಲ ಹೊತ್ತ ಭಾರಿ ಬಂಡಿಯನ್ನೇ ನಡೆಸಿದ ಆತ ಈಗ ತನಗೂ ತನ್ನಾಕೆಗೂ ಮಾತ್ರ ಎಡೆಯಿರುವ ಪುಟ್ಟ ತೆರೆದ ಕಾರೊಂದನ್ನು ಬಯಸಿದ್ದಾನೆ. ಬಯಕೆ ನ್ಯಾಯವಾದುದೇ. ಬಣ್ಣ ಐದು ನಿಮಿಷದಲ್ಲಿ ತೀರ್ಮಾನವಾಯಿತು: ಕೆಂಪು. ಆಸನದ ಹೊದಿಕೆ, ರೇಡಿಯೋ ಮೊದಲಾದುವೆಲ್ಲ ಕಾಫಿ ಆರುವಷ್ಟರಲ್ಲಿ ಮುಗಿದುವು. ಕಡೆಗೆ ಮಾರುವವನು ಒಂದು ಸಣ್ಣ ಪ್ರಶ್ನೆ ಕೇಳುತ್ತಾನೆ: “ಸಸ್ಪೆನ್ಷನ್ ಯಾವುದಿರಲಿ, ಸ್ವಾಮಿ? ಸಾಧಾರಣದ್ದೋ, ಬಿಗಿಯಾದುದೋ?” ಕೊಳ್ಳುವವನು ಮೌನಿಯಾಗುತ್ತಾನೆ. ಎದೆ ಬಿಗಿಯಾದುದನ್ನು ಕೇಳುತ್ತದೆ. ಸೊಂಟ ಸಾಧಾರಣದ್ದನ್ನು ಕೇಳುತ್ತದೆ. ಐವತ್ತರ ವಯಸ್ಸಿನಲ್ಲಿ ಎದೆಯ ದನಿ ದೊಡ್ಡದು. ಅಂಗಡಿಯೊಳಗಂತೂ ಸೊಂಟ ಬಾಯಿ ಬಿಡುವುದೇ ಇಲ್ಲ. ಏಕೆಂದರೆ ಅಂಗಡಿಯ ನೆಲ ನಯವಾಗಿರುತ್ತದೆ.

ಈ ಸಣ್ಣ ಪ್ರಶ್ನೆಯ ಹಿಂದೆ ಎಷ್ಟು ದೊಡ್ಡ ಶಾಸ್ತ್ರವಿದೆಯೆಂಬುದನ್ನು ಒಂದಿಷ್ಟು ನೋಡುವುದು ಉಚಿತ. ಸಸ್ಪೆನ್ಷನ್ ಎಂದರೆ ತೂಗು. ಕುದುರೆ ಸಾರೋಟುಗಳ ಕಾಲದಲ್ಲಿ ಪ್ರಯಾಣಿಕರು ಕೂರುವ ಪೆಟ್ಟಿಗೆಯನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ತೊಗಲು ಹೋಗಿ ಉಕ್ಕು ಬಂದಿದೆ. ಹೆಸರು ಮಾತ್ರ ಉಳಿದಿದೆ. ಈ ತೂಗಿನಲ್ಲಿ ಮುಖ್ಯವಾದ ಪಾತ್ರಧಾರಿಗಳು ಮೂವರು. ಮೊದಲನೆಯದು ಸ್ಪ್ರಿಂಗು. ಎಷ್ಟು ಒತ್ತಿದರೆ ಅಷ್ಟೇ ಪ್ರಮಾಣದಲ್ಲಿ ಅದು ಎದುರು ಒತ್ತುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಕಾರಿನ ಭಾರವನ್ನು ಹೊರುವುದು, ಗುಂಡಿಯ ಪೆಟ್ಟನ್ನು ನುಂಗುವುದು ಸ್ಪ್ರಿಂಗಿನ ಕೆಲಸ. ಆದರೆ ಅದು ಸಾಲ ಉಳಿಸಿಕೊಳ್ಳುವ ಜಾತಿಯದಲ್ಲ. ನುಂಗಿದ ಪೆಟ್ಟನ್ನು ಮರುಕ್ಷಣವೇ ಹಿಂದಿರುಗಿಸುತ್ತದೆ. ಬರಿಯ ಸ್ಪ್ರಿಂಗಿನ ಮೇಲೆ ನಿಂತ ಕಾರು ಒಂದು ಹಳ್ಳ ದಾಟಿದ ಮೇಲೆ ಫರ್ಲಾಂಗು ದೂರ ತೊಟ್ಟಿಲಿನಂತೆ ತೂಗುತ್ತಲೇ ಹೋದೀತು.

ತೊಟ್ಟಿಲನ್ನು ಹಿಡಿದು ನಿಲ್ಲಿಸುವುದು ಎರಡನೆಯ ಪಾತ್ರಧಾರಿಯಾದ ಷಾಕ್ ಅಬ್ಸಾರ್ಬರಿನ ಕೆಲಸ. ಇದರ ರಹಸ್ಯವನ್ನು ತಿಳಿಯಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ, ಅಡಿಗೆಯ ಮನೆಗೆ ಹೋದರೆ ಸಾಕು. ಚಕ್ಕುಲಿಯ ಒರಳಿನಲ್ಲಿ ಹಿಟ್ಟನ್ನು ತುಂಬಿ ನಿಧಾನವಾಗಿ ಒತ್ತಿದರೆ ಸುಲಭವಾಗಿ ಇಳಿಯುತ್ತದೆ. ಅವಸರಪಟ್ಟು ಒತ್ತಿದರೆ ಕೈ ನೋಯುತ್ತದೆ. ಷಾಕ್ ಅಬ್ಸಾರ್ಬರಿನ ಕೊಳವೆಯೊಳಗೆ ಹಿಟ್ಟಿನ ಬದಲು ಎಣ್ಣೆ. ಬಿಲ್ಲೆಯ ಬದಲು ಸಣ್ಣ ಕಂಡಿಗಳುಳ್ಳ ಪಿಸ್ಟನ್. ಚಕ್ರ ರಭಸವಾಗಿ ಮೇಲೇರಲು ಹೋದಷ್ಟೂ ಎಣ್ಣೆ ಹಟ ಮಾಡುತ್ತದೆ. ಅಲುಗಾಟದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಮೂರನೆಯದು ಆಂಟಿರೋಲ್ ಬಾರ್ ಎಂಬ ಉಕ್ಕಿನ ಸರಳು. ಎಡಗಡೆಯ ಚಕ್ರವನ್ನೂ ಬಲಗಡೆಯ ಚಕ್ರವನ್ನೂ ಅದು ಜೋಡಿಸುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಎದ್ದು ಬಿದ್ದರೆ ಸುಮ್ಮನಿರುತ್ತದೆ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲಿದರೆ ತಿರುಚಿಕೊಂಡು ತಡೆಯುತ್ತದೆ.

ಇವುಗಳ ಬಿಗಿತವನ್ನು ಅಳೆಯಲು ತಜ್ಞರಿಗೆ ಒಂದು ಸರಳವಾದ ಲೆಕ್ಕವಿದೆ. ಸ್ಪ್ರಿಂಗುಗಳ ಮೇಲೆ ನಿಂತ ಕಾರನ್ನು ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಎಷ್ಟು ಬಾರಿ ಎದ್ದು ಬೀಳುತ್ತದೆ? ಸುಖವನ್ನೇ ಉದ್ದೇಶಿಸಿದ ಸಂಸಾರದ ಕಾರಿನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಬಾರಿ. ಇದು ಮನುಷ್ಯನ ನಡಿಗೆಯ ಲಯಕ್ಕೆ ಸಮೀಪವಾದುದು. ಶರೀರಕ್ಕೆ ಹುಟ್ಟಿನಿಂದ ಪರಿಚಯವಾದುದು. ಸ್ಪೋರ್ಟ್ಸ್ ಕಾರಿನಲ್ಲಿ ಅದು ಒಂದೂವರೆಯಿಂದ ಎರಡಕ್ಕೆ ಏರುತ್ತದೆ; ಪಂದ್ಯದ ಕಾರಿನಲ್ಲಿ ಅದಕ್ಕೂ ಹೆಚ್ಚು. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಮೇಲುಕೆಳಗಿನ ಅಲುಗಾಟ ಎಲ್ಲಕ್ಕಿಂತ ದುಸ್ಸಹ. ಮೃದುವಾದ ಸ್ಪ್ರಿಂಗು ರಸ್ತೆಯಿಂದ ಬರುವ ಅಂಥ ಅಲುಗಾಟವನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ. ಬಿಗಿಯಾದುದು ಅದರ ಹೆಚ್ಚಿನ ಪಾಲನ್ನು ಒಳಕ್ಕೆ ಬಿಡುತ್ತದೆ. ಸೊಂಟದ ದೂರು ಬರಿಯ ಮುದಿತನದ ಗೊಣಗಾಟವಲ್ಲವೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಲದೆ?

ಇದುವರೆಗಿನ ಮಾತು ಎಲ್ಲ ಕಾರುಗಳಿಗೂ ಅನ್ವಯಿಸುವುದು. ತೆರೆದ ಕಾರಿನ ಪಾಡು ಬೇರೆ. ಪಾದರಕ್ಷೆ ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಮುಚ್ಚಳ ಹಾಕಿ, ಅಂಟಿಸಿ, ಎರಡು ಕೈಗಳಿಂದ ತಿರುಚಲು ಯತ್ನಿಸಿ, ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿ. ನೆನೆದ ಹಪ್ಪಳದಂತೆ ಹೇಳಿದ ಹಾಗೆ ಕೇಳುತ್ತದೆ. ಕಾರಿನ ಮಾಡು ಮಳೆಬಿಸಿಲಿಗೆ ಮಾತ್ರ ಇರುವುದೆಂದು ಜನ ತಿಳಿದಿರುತ್ತಾರೆ. ವಾಸ್ತವವಾಗಿ ಅದು ಮನೆಯ ತೊಲೆಯಂತೆ ಇಡೀ ಶರೀರವನ್ನು ಬಿಗಿದು ಹಿಡಿದಿರುತ್ತದೆ. ಅದನ್ನು ಕತ್ತರಿಸಿ ತೆಗೆದ ಕೂಡಲೆ ಕಾರಿನ ಮೈ ಸಡಿಲವಾಗುತ್ತದೆ. ನೆಲಗಟ್ಟನ್ನೂ ಬಾಗಿಲ ಕೆಳಗಿನ ಹೊಸ್ತಿಲನ್ನೂ ಎಷ್ಟು ಬಲಪಡಿಸಿದರೂ, ಅದಕ್ಕಾಗಿ ಎಷ್ಟು ಭಾರ ಹೆಚ್ಚಿಸಿದರೂ, ಹೋದ ಬಿಗಿತವೆಲ್ಲ ಹಿಂದಿರುಗುವುದು ಕಷ್ಟ.

ಆದಕಾರಣ ತೆರೆದ ಕಾರಿಗೆ ನಾಲ್ಕು ಚಕ್ರಗಳ ನಾಲ್ಕು ಸ್ಪ್ರಿಂಗುಗಳಲ್ಲದೆ ಐದನೆಯದೊಂದು ಇರುತ್ತದೆ. ಅದೇ ಅದರ ಮೈ. ಈ ಐದನೆಯ ಸ್ಪ್ರಿಂಗು ಯಾವ ಪಟ್ಟಿಯಲ್ಲಿಯೂ ಅಚ್ಚಾಗಿರುವುದಿಲ್ಲ. ಅದಕ್ಕೆ ಷಾಕ್ ಅಬ್ಸಾರ್ಬರನ್ನು ಜೋಡಿಸಿರುವುದಿಲ್ಲ. ಚಕ್ರಗಳ ಸ್ಪ್ರಿಂಗು ಮೃದುವಾಗಿದ್ದರೆ ಗುಂಡಿಯ ಪೆಟ್ಟು ಅಲ್ಲಿಯೇ ಅಡಗುತ್ತದೆ, ಐದನೆಯದು ನಿದ್ರಿಸುತ್ತಿರುತ್ತದೆ. ನಾಲ್ಕನ್ನೂ ಕಲ್ಲಿನಂತೆ ಬಿಗಿಮಾಡಿದರೆ ಪೆಟ್ಟು ಮೈಗೆ ಏರಿ, ಮಲಗಿದ್ದುದು ಎಚ್ಚರಗೊಳ್ಳುತ್ತದೆ. ಹಿಂಬದಿಯನ್ನು ತೋರಿಸುವ ಕನ್ನಡಿಯಲ್ಲಿ ರಸ್ತೆ ನೀರಿನಲ್ಲಿ ಕಂಡಂತೆ ಕದಡುತ್ತದೆ, ಮುಂಗಾಜಿನ ಬುಡ ನಡುಗುತ್ತದೆ, ಬಾಗಿಲುಗಳು ಕಿರುಗುಟ್ಟುತ್ತವೆ. ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಮುಂದಿನ ಚಕ್ರಗಳ ಬಿಗಿತವನ್ನು ತಿದ್ದಿದರೆ ಅದರ ಫಲ ಹಿಂದಿನ ಚಕ್ರಗಳಿಗೆ ಮುಟ್ಟಬೇಕಾದುದು ಮೈಯ ಮೂಲಕ. ಆ ಮೈಯೇ ನಡುವೆ ತಿರುಚಿಕೊಂಡರೆ ತಿದ್ದಿದ್ದರಲ್ಲಿ ಒಂದು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತದೆ. ಹಣ ಕೊಟ್ಟು ಕೊಂಡ ಬಿಗಿತ ಹೀಗೆ ವ್ಯರ್ಥವಾಗುವುದು ತೆರೆದ ಕಾರಿನ ವಿಶೇಷವಾದ ದುರದೃಷ್ಟ.

ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದವರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಪ್ರಮುಖ. ಆತನ ಲೋಟಸ್ ಸಂಸ್ಥೆ 1962ರಲ್ಲಿ ಎಲಾನ್ ಎಂಬ ಪುಟ್ಟ ತೆರೆದ ಕಾರನ್ನು ಹೊರತಂದಿತು. ಅದರ ಮೈ ಫೈಬರ್ ಗಾಜಿನದು. ತೂಕ ಸುಮಾರು 700 ಕಿಲೋಗ್ರಾಂ ಮಾತ್ರ. ಬಲವೆಲ್ಲ ನಡುವೆ ಉದ್ದಕ್ಕೂ ಹಾದುಹೋಗುವ ಉಕ್ಕಿನ ಬೆನ್ನೆಲುಬಿನಲ್ಲಿ. ಬೆನ್ನೆಲುಬೇ ಬಿಗಿತದ ಹೊಣೆ ಹೊತ್ತಮೇಲೆ ಮಾಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದನ್ನು ರೂಪಿಸಿದ ರಾನ್ ಹಿಕ್‌ಮನ್ ಮುಂದೆ ‘ವರ್ಕ್‌ಮೇಟ್’ ಎಂಬ ಮಡಿಸುವ ಬಡಗಿಯ ಮೇಜನ್ನು ಕಂಡುಹಿಡಿದು ಮನೆಮನೆಗೂ ಉಪಕಾರಿಯಾದ. ಇಷ್ಟು ಹಗುರವಾದ, ಇಷ್ಟು ಚುರುಕಾದ ಕಾರಿಗೆ ಚಾಪ್‌ಮನ್ ಎಂಥ ಸ್ಪ್ರಿಂಗುಗಳನ್ನು ಹಾಕಿಸಿದ? ಮೃದುವಾದವನ್ನು! ಚಕ್ರಗಳು ಧಾರಾಳವಾಗಿ ಎದ್ದು ಬೀಳಲು ಅವಕಾಶ ಕೊಟ್ಟು, ಆ ಚಲನೆಯನ್ನು ಒಳ್ಳೆಯ ಷಾಕ್ ಅಬ್ಸಾರ್ಬರುಗಳಿಂದ ಹತೋಟಿಯಲ್ಲಿಟ್ಟ. ತಿರುವುಗಳಲ್ಲಿ ಎಲಾನ್ ತುಸು ವಾಲುತ್ತಿತ್ತು; ಆದರೆ ರಸ್ತೆಯನ್ನು ಬಿಡುತ್ತಿರಲಿಲ್ಲ. ವಾಲುವುದು ಬೇರೆ, ಜಾರುವುದು ಬೇರೆ ಎಂಬ ಪಾಠವನ್ನು ಕಲಿಸಿದ ಕಾರುಗಳಲ್ಲಿ ಅದಕ್ಕೆ ಹಿರಿಯ ಸ್ಥಾನ.

ಅದೇ 1962ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್ ಊರಿನ ಕಾರ್ಖಾನೆಯಿಂದ ಎಂ.ಜಿ.ಬಿ. ಎಂಬ ಇನ್ನೊಂದು ತೆರೆದ ಕಾರು ಹೊರಬಿತ್ತು. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಬಂಡಿಗಳ ಕಾಲದಿಂದ ಬಂದ ಕಮಾನುಪಟ್ಟಿ. ಪಾಂಡಿತ್ಯವೇನೂ ಇಲ್ಲದ, ಆದರೆ ನಂಬಿಕೆಗೆ ಯೋಗ್ಯವಾದ ಸಂಸಾರಿ. 1974ರ ಶರತ್ಕಾಲದಲ್ಲಿ ಅಮೆರಿಕದ ಬಂಪರು ನಿಯಮಗಳಿಗೆ ಹೊಂದಿಸಲು ಅದಕ್ಕೆ ಕಪ್ಪು ರಬ್ಬರಿನ ದಪ್ಪ ಬಂಪರುಗಳನ್ನು ಹಾಕಿ, ಇಡೀ ಕಾರನ್ನು ಒಂದು ಒಂದೂವರೆ ಅಂಗುಲ ಮೇಲಕ್ಕೆ ಎತ್ತಿದರು. ಸಾಲದೆಂಬಂತೆ ಮುಂದಿನ ಆಂಟಿರೋಲ್ ಬಾರನ್ನು ಖರ್ಚಿನ ಉಳಿತಾಯಕ್ಕಾಗಿ ತೆಗೆದರು. ಹೆಬ್ಬೆರಳಿನ ಅಗಲದಷ್ಟು ಎತ್ತರ; ಅದರ ಪರಿಣಾಮ ಮಾತ್ರ ಊಹೆಗೆ ಮೀರಿದುದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಮೆಚ್ಚಿದ ಕಾರು ತಿರುವುಗಳಲ್ಲಿ ತೂಕಡಿಸುವ ಪಲ್ಲಕ್ಕಿಯಾಯಿತು. 1977ರ ಮಾದರಿಯಲ್ಲಿ ಸರಳನ್ನು ಮತ್ತೆ ಕೂರಿಸಿ ಸ್ವಲ್ಪ ಸಮಾಧಾನ ಮಾಡಿದರು. 1980ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಅಂಥ ಕಾರುಗಳನ್ನು ಇಟ್ಟುಕೊಂಡ ಅನೇಕರು ಅವನ್ನು ಮೊದಲಿನ ಎತ್ತರಕ್ಕೆ ಇಳಿಸಿ ಹಳೆಯ ಸೊಗಸನ್ನು ಹುಡುಕಿಕೊಂಡರು. ಎಲಾನ್ ಕಾರು ಮೃದುತ್ವದ ಪರವಾಗಿ ಸಾಕ್ಷಿ ನುಡಿದರೆ, ಎಂ.ಜಿ.ಬಿ. ಅದಕ್ಕೂ ಒಂದು ಮಿತಿಯುಂಟೆಂದು ಸಾಕ್ಷಿ ನುಡಿಯುತ್ತದೆ.

ಇಂಗ್ಲೆಂಡಿನವರು ಬಿಟ್ಟ ಎಳೆಯನ್ನು ಜಪಾನಿನವರು ಹಿಡಿದರು. ಹಿರೋಷಿಮಾ ಪ್ರಾಂತದ ಮಾಜ್ದಾ ಸಂಸ್ಥೆ 1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮಿಯಾಟಾ ಎಂಬ ತೆರೆದ ಕಾರನ್ನು ಮುಂದಿಟ್ಟಿತು. ಹಳೆಯ ಎಲಾನ್ ಅದಕ್ಕೆ ಮೇಲ್ಪಂಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಅದನ್ನು ರೂಪಿಸಿದವರು ಗುರಿಯಾಗಿ ಇಟ್ಟುಕೊಂಡದ್ದು ‘ಜಿನ್‌ಬಾ ಇತ್ತಾಯ್’ ಎಂಬ ಮಾತನ್ನು: ಕುದುರೆಯೂ ಸವಾರನೂ ಒಂದೇ ಶರೀರವಾಗುವುದು. ನಳಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ; ಬಾಹುಕನು ಬಲ್ಲ ಅಶ್ವಹೃದಯ ಅದೇ ಅಲ್ಲವೆ? ರಸ್ತೆಯ ಸುದ್ದಿ ಕೈಗೆ, ಕಾಲಿಗೆ, ಆಸನಕ್ಕೆ ಇದ್ದದ್ದು ಇದ್ದಂತೆ ಮುಟ್ಟಬೇಕು. ಗದ್ದಲ ಮಾತ್ರ ಮುಟ್ಟಬಾರದು. ಜನ ಇದನ್ನು ಮೆಚ್ಚಿದರೆಂಬುದಕ್ಕೆ ಲೆಕ್ಕವೇ ಸಾಕ್ಷಿ: 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು.

ಆಯ್ಕೆಯ ಪ್ರಶ್ನೆ ಈ ಕಾರಿನ ಬೆನ್ನಿಗೂ ಬಿಡಲಿಲ್ಲ. 1994ರ ಮಾದರಿಯಲ್ಲಿ ‘ಆರ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಬಿಗಿಯಾದ ಸ್ಪ್ರಿಂಗು, ಜರ್ಮನಿಯ ಬಿಲ್‌ಸ್ಟೈನ್ ಷಾಕ್ ಅಬ್ಸಾರ್ಬರುಗಳ ಒಂದು ಕಟ್ಟು ಬಂತು. ಗಮನಿಸಬೇಕಾದ ಸಂಗತಿಯೆಂದರೆ, ಅದೇ ವರ್ಷ ಆ ಕಾರುಗಳ ಮೈಗೆ ಹೆಚ್ಚಿನ ಆಸರೆಯ ಪಟ್ಟಿಗಳನ್ನೂ ಜೋಡಿಸಿದರು. ಐದನೆಯ ಸ್ಪ್ರಿಂಗನ್ನು ಬಿಗಿಮಾಡದೆ ನಾಲ್ಕನ್ನು ಬಿಗಿಮಾಡುವುದು ಅವಿವೇಕವೆಂದು ಅವರಿಗೆ ತಿಳಿದಿತ್ತು. ನಾಲ್ಕನೆಯ ತಲೆಮಾರಿನ ಕಾರು 2015ರಲ್ಲಿ ಅಮೆರಿಕಕ್ಕೆ ಬಂದಾಗ ಮೂರು ದರ್ಜೆಗಳಿದ್ದುವು: ಸ್ಪೋರ್ಟ್, ಕ್ಲಬ್, ಗ್ರ್ಯಾಂಡ್ ಟೂರಿಂಗ್. ಕೈಯಿಂದ ಗೇರು ಬದಲಾಯಿಸುವ ‘ಕ್ಲಬ್’ ಕಾರಿಗೆ ಬಿಲ್‌ಸ್ಟೈನ್ ಷಾಕ್ ಅಬ್ಸಾರ್ಬರು, ಮುಂಭಾಗದಲ್ಲಿ ಮೈಯನ್ನು ಬಿಗಿಯುವ ಅಡ್ಡಪಟ್ಟಿ, 17 ಅಂಗುಲದ ಚಕ್ರ. ‘ಸ್ಪೋರ್ಟ್’ ಎಂಬ ವೀರನಾಮ ಹೊತ್ತ ಕಾರಿಗೆ ಮೃದುವಾದ ಸಾಧಾರಣ ಸಸ್ಪೆನ್ಷನ್, 16 ಅಂಗುಲದ ಚಕ್ರ! ಹೆಸರನ್ನು ನೋಡಿ ಅಳಿಯನನ್ನು ಆರಿಸಬಾರದೆಂಬ ವಿವೇಕ ಕಾರಿಗೂ ಅನ್ವಯಿಸುತ್ತದೆ.

ಹಾಗಾದರೆ ಬಿಗಿಯಾದುದು ಯಾರಿಗೆ? ನುಣುಪಾದ ಪಂದ್ಯದ ದಾರಿಯಲ್ಲಿ ಕಾರನ್ನು ಅದರ ಎಲ್ಲೆಯವರೆಗೆ ಓಡಿಸುವವನಿಗೆ. ಅಲ್ಲಿ ವಾಲುವಿಕೆ ಕಡಮೆಯಾದಷ್ಟೂ ಚಕ್ರ ನೆಟ್ಟಗೆ ನಿಲ್ಲುತ್ತದೆ. ಸ್ಟೀರಿಂಗು ತಿರುಗಿಸಿದ ಮರುಕ್ಷಣ ಕಾರು ಉತ್ತರ ಕೊಡುತ್ತದೆ. ಆದರೆ ನಿತ್ಯದ ರಸ್ತೆ ಪಂದ್ಯದ ದಾರಿಯಲ್ಲ. ಅಲ್ಲಿ ತೇಪೆಗಳುಂಟು, ಸೇತುವೆಯ ಸಂದುಗಳುಂಟು, ಮಳೆಗಾಲದ ಗುಂಡಿಗಳುಂಟು. ಕಾರು ಭೂಮಿಯನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಬ್ರೇಕು, ತಿರುವು, ಒಳಗಿರುವವರ ಪ್ರಾಣ ಎಲ್ಲವೂ ಆ ನಾಲ್ಕು ಅಂಗೈಗಳಲ್ಲಿವೆ. ಅತಿ ಬಿಗಿಯಾದ ಸ್ಪ್ರಿಂಗು ಉಬ್ಬುತಗ್ಗುಗಳ ಮೇಲೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯಲಾರದು. ಕಲ್ಲಿನ ಮೇಲೆ ಎಸೆದ ಚೆಂಡಿನಂತೆ ಚಕ್ರ ಪುಟಿಯುತ್ತದೆ. ಪುಟಿದ ಆ ಅರೆನಿಮೇಷದಲ್ಲಿ ಹಿಡಿತವಿಲ್ಲ. ತಿರುವಿನ ನಡುವೆ ಒದ್ದೆಯಾದ ರಸ್ತೆಯಲ್ಲಿ ಅದು ಒದಗಿದರೆ ಪರಿಣಾಮ ಸೊಂಟನೋವಿನಲ್ಲಿ ಮುಗಿಯುವುದಿಲ್ಲ. ಬಿಗಿಯಾದ ಕಾರು ವೇಗವಾಗಿ ಹೋಗುತ್ತಿರುವಂತೆ ತೋರುತ್ತದೆ, ಏಕೆಂದರೆ ಸದ್ದು ಹೆಚ್ಚು, ಕುಲುಕಾಟ ಹೆಚ್ಚು. ಎತ್ತಿನ ಗಾಡಿಯೂ ಕುಲುಕುತ್ತದೆ. ಅದನ್ನು ಯಾರೂ ವೇಗವೆನ್ನುವುದಿಲ್ಲ.

ಇನ್ನು ಪಕ್ಕದ ಆಸನದ ಪ್ರಶ್ನೆ. ದೊಡ್ಡ ಕಾರಿನಲ್ಲಿ ಕುಲುಕಾಟವನ್ನು ಐದು ಜನ ಹಂಚಿಕೊಳ್ಳಬಹುದು; ಇಲ್ಲಿ ಜೊತೆಗಿರುವವರು ಒಬ್ಬರೇ. ನಡೆಸುವವನ ಕೈಯಲ್ಲಿ ಸ್ಟೀರಿಂಗಿದೆ, ಮುಂದೆ ಬರುವ ಗುಂಡಿ ಅವನಿಗೆ ಮೊದಲೇ ಗೊತ್ತು, ತಿರುವಿನ ಆನಂದ ಅವನ ಕಷ್ಟಕ್ಕೆ ಪರಿಹಾರ ಕೊಡುತ್ತದೆ. ಪಕ್ಕದಲ್ಲಿರುವವರಿಗೆ ಪರಿಹಾರವಿಲ್ಲದ ಕಷ್ಟ. ಋತುಪರ್ಣನು ವಿದರ್ಭಕ್ಕೆ ಹೊರಟಾಗ ಬಾಹುಕನು ನಡೆಸಿದ ರಥವೂ ವೇಗವಾದುದೇ. ರಾಜನ ಉತ್ತರೀಯ ಜಾರಿ ಬಿದ್ದು, ನಿಲ್ಲಿಸೆಂದು ಹೇಳುವಷ್ಟರಲ್ಲಿ ಅದು ಯೋಜನ ದೂರ ಹಿಂದೆ ಉಳಿದಿತ್ತು. ಋತುಪರ್ಣ ಸಾರಥಿಯನ್ನು ಕಂಡು ಬೆರಗಾದನೆಂದು ಕಥೆ ಹೇಳುತ್ತದೆ. ಸೊಂಟ ಹಿಡಿದುಕೊಂಡನೆಂದು ಹೇಳುವುದಿಲ್ಲ. ಬಾಹುಕನ ನಿಜವಾದ ಹಿರಿಮೆ ಅಲ್ಲಿಯೇ ಇರಬೇಕು. ಕೆಂಪು ಕಾರಿನ ಗೃಹಸ್ಥ ಎದೆಯ ಮಾತು ಕೇಳಿ ಬಿಗಿಯಾದುದನ್ನೇ ಕೊಂಡನೆಂದಿಟ್ಟುಕೊಳ್ಳಿ. ಮೊದಲನೆಯ ಭಾನುವಾರ ಅವನ ಹೆಂಡತಿ ತಲೆಗೆ ವಸ್ತ್ರ ಕಟ್ಟಿಕೊಂಡು ಉತ್ಸಾಹದಿಂದ ಬರುತ್ತಾಳೆ. ಎರಡನೆಯ ಭಾನುವಾರ, “ಅಲ್ಲಾ, ಇಷ್ಟು ಹಣ ಸುರಿದು ಗುಂಡಿ ಎಣಿಸುವ ಯಂತ್ರ ತಂದಿರಾ?” ಎಂದು ಕೇಳುತ್ತಾಳೆ. ಮೂರನೆಯ ಭಾನುವಾರ ಮನೆಯಲ್ಲಿ ಅವಳಿಗೆ ಕೆಲಸವಿರುತ್ತದೆ. ಇಬ್ಬರಿಗಾಗಿ ಕೊಂಡ ಕಾರಿನಲ್ಲಿ ಒಬ್ಬನೇ ತಿರುಗಾಡುವುದಕ್ಕಿಂತ ದೊಡ್ಡ ನಷ್ಟ ಯಾವ ಲೆಕ್ಕಪುಸ್ತಕದಲ್ಲಿದೆ?

ಎರಡೂ ಬೇಕೆನ್ನುವವರಿಗೆ ಯಂತ್ರವಿಜ್ಞಾನ ಒಂದು ಮೂರನೆಯ ದಾರಿಯನ್ನೂ ತೆರೆದಿದೆ. ಅಮೆರಿಕದ ಕಾರ್ವೆಟ್ ಕಾರಿಗೆ 2003ರ ಮಾದರಿಯಲ್ಲಿ ಬಂದ ಷಾಕ್ ಅಬ್ಸಾರ್ಬರಿನ ದ್ರವದಲ್ಲಿ ಕಬ್ಬಿಣದ ನುಣ್ಣನೆಯ ಕಣಗಳಿದ್ದುವು. ವಿದ್ಯುತ್ತಿನಿಂದ ಅಯಸ್ಕಾಂತ ಶಕ್ತಿಯನ್ನು ಹುಟ್ಟಿಸಿದರೆ ಆ ದ್ರವ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ, ಬಿಟ್ಟರೆ ತೆಳುವಾಗುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಎರಡನೆಯ ತಲೆಮಾರಿನಲ್ಲಿ ಒಂದು ಗುಂಡಿ ಒತ್ತಿ ಷಾಕ್ ಅಬ್ಸಾರ್ಬರುಗಳ ಬಿಗಿತವನ್ನು ಬದಲಾಯಿಸುವ ಏರ್ಪಾಡು ಬಂತು. ಅದನ್ನು ಆರಿಸಿದವರ ಕಾರು 10 ಮಿಲಿಮೀಟರು ತಗ್ಗಾಗಿಯೂ ಇರುತ್ತಿತ್ತು. ಇವು ಸೊಗಸಾದ ಯುಕ್ತಿಗಳು. ಆದರೆ ಬದಲಾಗುವುದು ಎಣ್ಣೆಯ ಹಟ ಮಾತ್ರ. ಸ್ಪ್ರಿಂಗು ಮೊದಲಿನದೇ, ಐದನೆಯ ಸ್ಪ್ರಿಂಗೂ ಮೊದಲಿನದೇ. ಕೆಟ್ಟುಹೋದಾಗ ತೆರಬೇಕಾದ ಬೆಲೆಯೂ ಸಣ್ಣದಲ್ಲ.

ಆರಿಸುವವನು ಒಂದು ಕ್ರಮವನ್ನು ಅನುಸರಿಸಿದರೆ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ. ಕಾರು ಹಳೆಯದಾಗಿದ್ದರೆ ಮೊದಲು ಸವೆದ ರಬ್ಬರ್ ಬುಷ್‌ಗಳನ್ನೂ ದಣಿದ ಷಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸಬೇಕು. ಕಾರು ಸಡಿಲವೆಂಬ ಅನೇಕ ದೂರುಗಳು ಅಲ್ಲಿಯೇ ಮುಗಿಯುತ್ತವೆ. ಅನಂತರ ಟೈರು ಮತ್ತು ಗಾಳಿಯ ಒತ್ತಡ. ತರುವಾಯ ಮೈಗೆ ಆಸರೆಯ ಪಟ್ಟಿ. ಆಮೇಲೂ ವಾಲುವಿಕೆ ಹೆಚ್ಚೆನಿಸಿದರೆ ತುಸು ದಪ್ಪನೆಯ ಆಂಟಿರೋಲ್ ಬಾರ್. ನೇರವಾದ ರಸ್ತೆಯಲ್ಲಿ ಅದು ಹೆಚ್ಚಿಗೆ ತೊಂದರೆ ಕೊಡುವುದಿಲ್ಲ. ಎಲ್ಲಕ್ಕೂ ಕೊನೆಯದು ಬಿಗಿಯಾದ ಸ್ಪ್ರಿಂಗು. ಕಾರು ನೆಲಕ್ಕೆ ಹತ್ತಿರವಾಗಿ ಅಂದವಾಗಿ ಕಾಣಲೆಂದು ಗಿಡ್ಡನೆಯ ಸ್ಪ್ರಿಂಗುಗಳನ್ನು ಹಾಕಿಸುವವರಿದ್ದಾರೆ. ಚಕ್ರ ಮೇಲೇರಲು ಇರುವ ಅವಕಾಶವೇ ಕೆಲವು ಅಂಗುಲ. ಅದರಲ್ಲಿ ಒಂದೆರಡನ್ನು ಅಂದಕ್ಕೆ ಬಲಿಕೊಟ್ಟರೆ ಉಳಿದುದು ಮೊದಲನೆಯ ಗುಂಡಿಯಲ್ಲಿಯೇ ತೀರಿ, ಲೋಹ ತಡೆಗಟ್ಟೆಗೆ ಬಡಿಯುತ್ತದೆ. ಕಣ್ಣಿನ ಸಾಲವನ್ನು ಬೆನ್ನು ತೀರಿಸುವುದೆಂದರೆ ಇದೇ.

ಪರೀಕ್ಷೆಯನ್ನು ಮಾರುವವನ ರಸ್ತೆಯಲ್ಲಿ ಮಾಡದೆ ಕೊಳ್ಳುವವನ ರಸ್ತೆಯಲ್ಲಿ ಮಾಡಬೇಕು. ಪ್ರತಿದಿನ ಓಡಾಡುವ ದಾರಿಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಅದಕ್ಕೆ ಆರಿಸಬೇಕು. ಮಾಡನ್ನು ಮಡಿಸಿರಬೇಕು; ಪಕ್ಕದ ಆಸನದಲ್ಲಿ ದಿನವೂ ಕೂರುವವರೇ ಕುಳಿತಿರಬೇಕು. ಅರ್ಧ ಗಂಟೆಯ ತರುವಾಯವೂ ಅವರು ಮಾತನಾಡುತ್ತಿದ್ದರೆ, ಸುತ್ತಲಿನ ಮರಗಳನ್ನೋ ಮುಗಿಲನ್ನೋ ತೋರಿಸುತ್ತಿದ್ದರೆ, ಆ ಸಸ್ಪೆನ್ಷನ್ ಸರಿಯಾದುದೆಂದು ತಿಳಿಯಬಹುದು. ಕಾರಿನ ಮಾಡನ್ನು ತೆಗೆಸಿದ್ದೇ ಆಕಾಶವನ್ನು ನೋಡುವುದಕ್ಕಾಗಿ. ಹಲ್ಲು ಕಚ್ಚಿಕೊಂಡು ರಸ್ತೆಯನ್ನೇ ದಿಟ್ಟಿಸುತ್ತಿರುವವರಿಗೆ ಮಾಡು ಇದ್ದರೇನು, ಇಲ್ಲದಿದ್ದರೇನು?